ಗೇಮಿಂಗ್ ಮಾನಿಟರ್‌ಗಳಲ್ಲಿ ಪರದೆಯ ಸೀಳು ಮತ್ತು ತಡವರಿಕೆ

ಆಟದಲ್ಲಿ ಕ್ಯಾಮೆರಾ ತಿರುಗಿದಾಗ ಚಿತ್ರ ಅಡ್ಡಲಾಗಿ ತುಂಡಾಗಿ, ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ಹೊಂದಿಕೆ ತಪ್ಪಿ ಕಾಣುವುದಕ್ಕೆ ಸ್ಕ್ರೀನ್ ಟೇರಿಂಗ್ ಅಥವಾ ಪರದೆಯ ಸೀಳು ಎನ್ನುತ್ತಾರೆ. ಚಲನೆ ಒಂದೇ ಸಮನೆ ಸಾಗದೆ ನಡುನಡುವೆ ತಡೆದು, ಮತ್ತೆ ಜಿಗಿದು ಮುಂದೆ ಹೋಗುವುದು ಸ್ಟಟರ್ ಅಥವಾ ತಡವರಿಕೆ. 144, 165, 240 ಹರ್ಟ್ಸ್‌ನ ಮಾನಿಟರ್ ಮನೆಗೆ ತಂದರೆ ಇವೆರಡೂ ತಾವಾಗಿಯೇ ತೊಲಗುತ್ತವೆ ಎಂಬ ನಂಬಿಕೆ ಬಳಕೆದಾರರಲ್ಲಿದೆ. ಅದು ಪೂರ್ತಿ ನಿಜವಲ್ಲ. ಹೆಚ್ಚಿನ ರಿಫ್ರೆಶ್ ರೇಟ್ ಸೀಳನ್ನು ಸಣ್ಣದಾಗಿಸುತ್ತದೆಯೇ ಹೊರತು ಅಳಿಸುವುದಿಲ್ಲ. ತಡವರಿಕೆಯಂತೂ ಸುತ್ತಲಿನ ಚಲನೆ ನಯವಾದಷ್ಟೂ ಎದ್ದು ಕಾಣುತ್ತದೆ.

ಎರಡೂ ಸಮಯದ ಹೊಂದಾಣಿಕೆ ತಪ್ಪಿದಾಗ ಹುಟ್ಟುವ ದೋಷಗಳು. ಆದರೆ ಹುಟ್ಟುವ ಜಾಗ ಬೇರೆ ಬೇರೆ. ಸೀಳು ಗ್ರಾಫಿಕ್ಸ್ ಕಾರ್ಡ್‌ಗೂ ಮಾನಿಟರ್‌ಗೂ ನಡುವೆ ಆಗುವಂಥದ್ದು. ತಡವರಿಕೆ ಬಹುಪಾಲು ಚಿತ್ರ ಮಾನಿಟರ್‌ಗೆ ಬರುವ ಮೊದಲೇ ಆಗಿಹೋಗಿರುತ್ತದೆ. ಪತ್ತೆ ಕೆಲಸ ಶುರುವಾಗಬೇಕಾದ್ದು ಈ ವ್ಯತ್ಯಾಸದಿಂದ.

ಮಾನಿಟರ್ ಚಿತ್ರ ಮೂಡಿಸುವ ಬಗೆ

ಮಾನಿಟರ್ ಒಂದು ಸೆಕೆಂಡಿಗೆ ಎಷ್ಟು ಬಾರಿ ಪರದೆಯನ್ನು ಹೊಸದಾಗಿ ತುಂಬುತ್ತದೆ ಎಂಬುದು ಅದರ ರಿಫ್ರೆಶ್ ರೇಟ್, ಅಳತೆ ಹರ್ಟ್ಸ್‌ನಲ್ಲಿ. 60 ಹರ್ಟ್ಸ್‌ನಲ್ಲಿ ಒಂದು ಸುತ್ತಿಗೆ 16.7 ಮಿಲಿಸೆಕೆಂಡ್ ಸಿಗುತ್ತದೆ. 144ರಲ್ಲಿ ಅದು 6.9, 240ರಲ್ಲಿ 4.2, 360ರಲ್ಲಿ 2.8 ಮಿಲಿಸೆಕೆಂಡ್‌ಗೆ ಇಳಿಯುತ್ತದೆ. ಪರದೆ ಒಮ್ಮೆಲೇ ತುಂಬುವುದಿಲ್ಲ. ಮೇಲಿನ ಸಾಲಿನಿಂದ ಶುರುವಾಗಿ ಸಾಲು ಸಾಲಾಗಿ ಕೆಳಗೆ ಬರುತ್ತದೆ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ನಡುವೆ ಸಣ್ಣ ಬಿಡುವು ಉಂಟು. ಹಳೆಯ ಪಿಕ್ಚರ್ ಟ್ಯೂಬ್ ಕಾಲದಲ್ಲಿ ಎಲೆಕ್ಟ್ರಾನ್ ಕಿರಣ ಕೆಳಗಿನಿಂದ ಮೇಲಕ್ಕೆ ಮರಳಲು ಬೇಕಾಗಿದ್ದ ವೇಳೆ ಅದು. ಎಲ್‌ಸಿಡಿ, ಒಎಲ್‌ಇಡಿ ಪರದೆಗಳಲ್ಲಿ ಆ ಕಿರಣವಿಲ್ಲ, ಬಿಡುವು ಮಾತ್ರ ಉಳಿದುಕೊಂಡಿದೆ. ಸೀಳಿಗೆ ಮುಂದೆ ಹೇಳುವ ಮುಖ್ಯ ಪರಿಹಾರಗಳು ಈ ಬಿಡುವನ್ನೇ ಬಳಸಿಕೊಳ್ಳುತ್ತವೆ.

ಗ್ರಾಫಿಕ್ಸ್ ಕಾರ್ಡ್‌ಗೆ ಇಂಥ ನಿಯಮಿತ ಸುತ್ತು ಇಲ್ಲ. ಖಾಲಿ ಗೋಡೆಯನ್ನು ನೋಡುತ್ತಿರುವಾಗ ಒಂದು ಫ್ರೇಮ್, ಅಂದರೆ ಒಂದು ಪೂರ್ಣ ಚಿತ್ರ, 4 ಮಿಲಿಸೆಕೆಂಡ್‌ನಲ್ಲಿ ಸಿದ್ಧವಾದರೆ, ಹೊಗೆ, ಬೆಂಕಿ, ಹತ್ತಾರು ಪಾತ್ರಗಳಿರುವ ದೃಶ್ಯಕ್ಕೆ 14 ಮಿಲಿಸೆಕೆಂಡ್ ಹಿಡಿಯಬಹುದು. ಮಾನಿಟರ್‌ನದು ಗಡಿಯಾರದ ನಡೆ, ಕಾರ್ಡ್‌ನದು ಕೆಲಸದ ಭಾರಕ್ಕೆ ತಕ್ಕ ನಡೆ. ಇವೆರಡೂ ತಾವಾಗಿಯೇ ಕೂಡಿ ಬರುವುದಿಲ್ಲ.

ಸೀಳು ಹೇಗೆ ಮೂಡುತ್ತದೆ

ಮಾನಿಟರ್ ಅರ್ಧ ಪರದೆ ತುಂಬಿರುವಾಗಲೇ ಕಾರ್ಡ್ ಹೊಸ ಫ್ರೇಮ್ ಮುಂದಿಟ್ಟರೆ ಮೇಲಿನರ್ಧದಲ್ಲಿ ಹಳೆಯ ಫ್ರೇಮ್, ಕೆಳಗಿನರ್ಧದಲ್ಲಿ ಹೊಸದು ಕಾಣುತ್ತದೆ. ನಿಂತ ಚಿತ್ರದಲ್ಲಿ ಇದು ಗೊತ್ತಾಗದು. ಅಡ್ಡಕ್ಕೆ ತಿರುಗುವ ಚಿತ್ರದಲ್ಲಿ ಕಂಬ, ಬಾಗಿಲಿನ ಚೌಕಟ್ಟುಗಳಂಥ ನೆಟ್ಟನೆಯ ಅಂಚುಗಳು ಮುರಿದಂತೆ ತೋರುತ್ತವೆ.

ಸೀಳಿನ ಅಗಲವನ್ನು ಲೆಕ್ಕ ಹಾಕಬಹುದು. ಕ್ಯಾಮೆರಾ ಸೆಕೆಂಡಿಗೆ 1920 ಪಿಕ್ಸೆಲ್ ವೇಗದಲ್ಲಿ ತಿರುಗುತ್ತಿದೆ ಎಂದುಕೊಂಡರೆ, ಸೆಕೆಂಡಿಗೆ 60 ಫ್ರೇಮ್ ಬರುವಾಗ ಒಂದು ಫ್ರೇಮ್‌ಗೂ ಮುಂದಿನದಕ್ಕೂ 32 ಪಿಕ್ಸೆಲ್ ಅಂತರ. 240 ಫ್ರೇಮ್ ಬರುವಾಗ 8 ಪಿಕ್ಸೆಲ್. ಮೇಲಾಗಿ 60 ಹರ್ಟ್ಸ್ ಪರದೆಯಲ್ಲಿ ಒಂದು ಸೀಳು 16.7 ಮಿಲಿಸೆಕೆಂಡ್ ನಿಂತರೆ 240 ಹರ್ಟ್ಸ್‌ನಲ್ಲಿ 4.2 ಮಿಲಿಸೆಕೆಂಡ್‌ನಲ್ಲಿ ಅಳಿಸಿಹೋಗುತ್ತದೆ. ಸ್ಪರ್ಧಾತ್ಮಕ ಆಟಗಾರರು ಫ್ರೇಮ್‌ಗೂ ಪರದೆಗೂ ಹೊಂದಾಣಿಕೆ ತರುವ ಎಲ್ಲ ಸಿಂಕ್ ಸೌಲಭ್ಯಗಳನ್ನೂ ಆಫ್ ಮಾಡಿ ಆಡಲು ಇದೇ ಕಾರಣ: ಸೀಳು ಇದ್ದೂ ಕಣ್ಣಿಗೆ ಅಷ್ಟಾಗಿ ಬೀಳದು, ಮೌಸ್‌ಗೆ ಪ್ರತಿಕ್ರಿಯೆ ಮಾತ್ರ ಬೇಗ ಸಿಗುತ್ತದೆ. ಫ್ರೇಮ್ ರೇಟ್ ರಿಫ್ರೆಶ್ ರೇಟಿಗೆ ಬಲು ಹತ್ತಿರವಿದ್ದು ಪೂರ್ತಿ ಸಮವಾಗದಿದ್ದರೆ ಸೀಳು ಒಂದೇ ಗೆರೆಯಾಗಿ ನಿಧಾನಕ್ಕೆ ಮೇಲೆ ಕೆಳಗೆ ತೆವಳುತ್ತದೆ. ಇದು ಎಲ್ಲಕ್ಕಿಂತ ಕಿರಿಕಿರಿಯ ರೂಪ.

ವಿ-ಸಿಂಕ್ ಮತ್ತು ಅದರ ಬೆಲೆ

ಸೀಳಿಗೆ ಮೊದಲ ಮದ್ದು ವರ್ಟಿಕಲ್ ಸಿಂಕ್, ಅಂದರೆ ವಿ-ಸಿಂಕ್. ಹೊಸ ಫ್ರೇಮ್ ಸಿದ್ಧವಾದರೂ ಮಾನಿಟರ್‌ನ ಬಿಡುವು ಬರುವವರೆಗೆ ಅದನ್ನು ತಡೆಹಿಡಿಯುವುದು ಇದರ ಕೆಲಸ. ಸೀಳು ನಿಲ್ಲುತ್ತದೆ, ಆದರೆ ಎರಡು ತೊಂದರೆ ಬರುತ್ತವೆ. ಒಂದು, ಕಾದು ಕುಳಿತ ಫ್ರೇಮ್ ಹಳೆಯದಾಗುವುದರಿಂದ ಕೈಯ ಚಲನೆಗೂ ಪರದೆಯ ಚಲನೆಗೂ ನಡುವಿನ ವಿಳಂಬ ಹೆಚ್ಚುತ್ತದೆ. ಎರಡು, ಗಡುವು ತಪ್ಪಿದ ಫ್ರೇಮ್ ಪೂರ್ತಿ ಒಂದು ಸುತ್ತು ಕಾಯಬೇಕು. 144 ಹರ್ಟ್ಸ್ ಮಾನಿಟರ್‌ನಲ್ಲಿ ಪ್ರತಿ ಫ್ರೇಮ್‌ಗೆ 7.5 ಮಿಲಿಸೆಕೆಂಡ್ ಬೇಕಾದರೆ, 6.9ರ ಗಡುವು ಕೂದಲೆಳೆಯಲ್ಲಿ ತಪ್ಪಿದರೂ ಅದು ಕಾಣುವುದು 13.9ಕ್ಕೆ. ಎರಡೇ ಬಫರ್ (ಫ್ರೇಮ್ ಇಡುವ ಮೆಮೊರಿ ಜಾಗ) ಇರುವ ವ್ಯವಸ್ಥೆಯಲ್ಲಿ ಫ್ರೇಮ್ ರೇಟ್ 144ರಿಂದ ನೇರವಾಗಿ 72ಕ್ಕೆ, ಅಲ್ಲಿಂದ 48ಕ್ಕೆ ಕುಸಿಯುತ್ತದೆ.

ಮೂರನೆಯ ಬಫರ್ ಸೇರಿಸಿದರೆ ಕುಸಿತ ತಪ್ಪುತ್ತದೆ, ಆದರೆ ನಡೆ ಸಮವಾಗುವುದಿಲ್ಲ. ಸೆಕೆಂಡಿಗೆ 100 ಫ್ರೇಮ್‌ಗಳನ್ನು 144 ಸುತ್ತುಗಳಿಗೆ ಹಂಚಬೇಕೆಂದರೆ 56 ಫ್ರೇಮ್‌ಗಳು ಒಂದೊಂದು ಸುತ್ತು, 44 ಫ್ರೇಮ್‌ಗಳು ಎರಡೆರಡು ಸುತ್ತು ನಿಲ್ಲಬೇಕು. ಒಂದು 6.9 ಮಿಲಿಸೆಕೆಂಡ್, ಇನ್ನೊಂದು 13.9: ತಾಳ ತಪ್ಪಿದ ಹೆಜ್ಜೆಯಂತೆ ಚಲನೆ ಕುಂಟುತ್ತದೆ. ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಬರುವ ಫ್ರೇಮ್‌ಗಳ ಅಂಕಿ 100 ಎಂದು ಸ್ಥಿರವಾಗಿ ತೋರಿಸುತ್ತಿದ್ದರೂ ಕಣ್ಣಿಗೆ ತಡವರಿಕೆ ಕಾಣಲು ಇದೊಂದು ಸಾಮಾನ್ಯ ಕಾರಣ. 60 ಹರ್ಟ್ಸ್ ಪರದೆಯಲ್ಲಿ 24 ಫ್ರೇಮ್‌ನ ಸಿನಿಮಾ ನೋಡುವಾಗ ಕಾಣುವ ನಡುಕವೂ ಇದೇ ಜಾತಿಯದು. 24ರ ಗುಣಕಗಳಾದ 120 ಮತ್ತು 144ರಲ್ಲಿ ಆ ನಡುಕ ಇರುವುದಿಲ್ಲ.

ಬದಲಾಗುವ ರಿಫ್ರೆಶ್ ರೇಟ್

ಕಾರ್ಡ್ ಮಾನಿಟರ್‌ಗಾಗಿ ಕಾಯುವ ಬದಲು ಮಾನಿಟರೇ ಕಾರ್ಡ್‌ಗಾಗಿ ಕಾಯಲಿ ಎಂಬ ಯೋಚನೆ ಈ ಕ್ಷೇತ್ರದ ದೊಡ್ಡ ತಿರುವು. ಸುತ್ತುಗಳ ನಡುವಿನ ಬಿಡುವನ್ನು ಹಿಗ್ಗಿಸಿ, ಹೊಸ ಫ್ರೇಮ್ ಬಂದ ಕ್ಷಣ ಮುಂದಿನ ಸುತ್ತು ಆರಂಭಿಸುವುದು ಇದರ ತಿರುಳು. ವೇರಿಯಬಲ್ ರಿಫ್ರೆಶ್ ರೇಟ್, ಚಿಕ್ಕದಾಗಿ ವಿಆರ್‌ಆರ್ ಎನ್ನುವುದು ಇದನ್ನೇ. ಎನ್‌ವಿಡಿಯಾ 2013ರ ಅಕ್ಟೋಬರ್‌ನಲ್ಲಿ ಜಿ-ಸಿಂಕ್ ಘೋಷಿಸಿತು; ಅದಕ್ಕೆ ಮಾನಿಟರ್ ಒಳಗೆ ಕಂಪನಿಯದೇ ಪ್ರತ್ಯೇಕ ಮಾಡ್ಯೂಲ್ ಬೇಕಿತ್ತು. ಎಎಂಡಿ 2014ರ ಜನವರಿಯಲ್ಲಿ ಫ್ರೀಸಿಂಕ್ ಪ್ರದರ್ಶಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಪರದೆಗಳ ಮಾನದಂಡ ರೂಪಿಸುವ ವೆಸಾ ಸಂಸ್ಥೆ ಅಡಾಪ್ಟಿವ್-ಸಿಂಕ್ ಅನ್ನು ಡಿಸ್‌ಪ್ಲೇಪೋರ್ಟ್ 1.2ಎ ಮಾನದಂಡಕ್ಕೆ ಸೇರಿಸಿತು. 2017ರ ಎಚ್‌ಡಿಎಂಐ 2.1ರಲ್ಲೂ ವಿಆರ್‌ಆರ್ ಬಂತು. 2019ರ ಜನವರಿಯಲ್ಲಿ ಎನ್‌ವಿಡಿಯಾ ಮಾಡ್ಯೂಲ್ ಇಲ್ಲದ ಅಡಾಪ್ಟಿವ್-ಸಿಂಕ್ ಮಾನಿಟರ್‌ಗಳಿಗೂ ಬಾಗಿಲು ತೆರೆದ ಮೇಲೆ ಕಡಿಮೆ ಬೆಲೆಯ ಮಾನಿಟರ್‌ಗಳಲ್ಲೂ ಇದು ಸಾಮಾನ್ಯವಾಯಿತು. ಪ್ಲೇಸ್ಟೇಷನ್ 5ಕ್ಕೆ 2022ರ ಏಪ್ರಿಲ್‌ನಲ್ಲಿ ಈ ಸೌಲಭ್ಯ ಸಿಕ್ಕಿತು.

ವಿಆರ್‌ಆರ್‌ಗೆ ಮೇಲಿನ ಮಿತಿ, ಕೆಳಗಿನ ಮಿತಿ ಎರಡೂ ಇವೆ. 48ರಿಂದ 144 ಹರ್ಟ್ಸ್ ವ್ಯಾಪ್ತಿಯ ಮಾನಿಟರ್‌ನಲ್ಲಿ ಫ್ರೇಮ್ ರೇಟ್ 40ಕ್ಕೆ ಇಳಿದರೆ, ಪ್ರತಿ ಫ್ರೇಮ್ ಅನ್ನು ಎರಡೆರಡು ಬಾರಿ ತೋರಿಸಿ 80 ಹರ್ಟ್ಸ್‌ನಲ್ಲಿ ಓಡಿಸಲಾಗುತ್ತದೆ. ಇದಕ್ಕೆ ಲೋ ಫ್ರೇಮ್‌ರೇಟ್ ಕಾಂಪೆನ್ಸೇಷನ್ ಎಂದು ಹೆಸರು. 48ರಿಂದ 75ರ ಕಿರಿದಾದ ವ್ಯಾಪ್ತಿಯಲ್ಲಿ ಈ ಉಪಾಯ ನಡೆಯದು. 40ರ ಎರಡರಷ್ಟು 75ನ್ನು ಮೀರುತ್ತದೆ. ಹಾಗಾಗಿ ಮಾನಿಟರ್ ಕೊಳ್ಳುವಾಗ ಫ್ರೀಸಿಂಕ್ ಎಂಬ ಚೀಟಿಗಿಂತ ವ್ಯಾಪ್ತಿಯ ಅಂಕಿ ಮುಖ್ಯ. ಮೇಲಿನ ತುದಿ ಕೆಳಗಿನ ತುದಿಯ ಎರಡರಷ್ಟಕ್ಕಿಂತ ಚೆನ್ನಾಗಿ ಹೆಚ್ಚಿರಬೇಕು.

ಪತ್ತೆಯ ಮೊದಲ ಹೆಜ್ಜೆ: ಅಳತೆ

ಆಟಗಾರರ ಮಾತಿನಲ್ಲಿ ಎಲ್ಲಕ್ಕೂ ಒಂದೇ ದೂರು: "ಲ್ಯಾಗ್ ಹೊಡೀತಿದೆ." ನೆಟ್‌ವರ್ಕ್ ನಿಧಾನವಾದರೂ ಅದೇ, ಪರದೆ ಸೀಳಿದರೂ ಅದೇ, ಫ್ರೇಮ್ ತಡವಾದರೂ ಅದೇ. ಇವನ್ನು ಬೇರ್ಪಡಿಸದೆ ಸೆಟ್ಟಿಂಗ್ ಬದಲಿಸುತ್ತಾ ಹೋದರೆ ದಿನಗಳು ಕಳೆಯುತ್ತವೆ, ದೋಷ ಉಳಿಯುತ್ತದೆ. ಎದುರಾಳಿ ಪಾತ್ರಗಳು ಮಾತ್ರ ಜಿಗಿಯುತ್ತಾ, ಕ್ಯಾಮೆರಾ ತಿರುಗುವಿಕೆ ನಯವಾಗಿದ್ದರೆ ಅದು ಇಂಟರ್‌ನೆಟ್ ಸಂಪರ್ಕದ ತೊಂದರೆ. ಚಲಿಸುವ ವಸ್ತುವಿನ ಹಿಂದೆ ಮಸುಕು ನೆರಳು ಎಳೆದಂತಿದ್ದರೆ ಅದು ಪಿಕ್ಸೆಲ್‌ಗಳ ನಿಧಾನ ಅಥವಾ ಅವನ್ನು ಚುರುಕಾಗಿಸುವ ಓವರ್‌ಡ್ರೈವ್‌ನ ತಪ್ಪು ಸೆಟ್ಟಿಂಗ್. ಸೀಳೂ ಅಲ್ಲ, ತಡವರಿಕೆಯೂ ಅಲ್ಲ.

ತಡವರಿಕೆಗೆ ಸರಿಯಾದ ಅಳತೆಗೋಲು ಎಫ್‌ಪಿಎಸ್ ಅಲ್ಲ, ಫ್ರೇಮ್‌ಟೈಮ್, ಅಂದರೆ ಪ್ರತಿ ಫ್ರೇಮ್‌ಗೆ ಹಿಡಿದ ಮಿಲಿಸೆಕೆಂಡ್. ಒಂದು ಸೆಕೆಂಡಿನಲ್ಲಿ 99 ಫ್ರೇಮ್ ಬೇಗಬೇಗ ಬಂದು ಒಂದೇ ಒಂದು 100 ಮಿಲಿಸೆಕೆಂಡ್ ತೆಗೆದುಕೊಂಡರೂ ಸರಾಸರಿ 100 ಎಂದೇ ತೋರುತ್ತದೆ, ಆ ಒಂದು ಎಡವು ಕಣ್ಣಿಗೆ ಹೊಡೆಯುತ್ತದೆ. ಟೆಕ್ ರಿಪೋರ್ಟ್ ಜಾಲತಾಣದ ಸ್ಕಾಟ್ ವಾಸನ್ 2011ರಲ್ಲಿ ಸರಾಸರಿಯನ್ನು ಬಿಟ್ಟು ಒಂದೊಂದು ಫ್ರೇಮ್‌ನ ವೇಳೆಯನ್ನೇ ಅಳೆದು ತೋರಿಸಿದ ಮೇಲೆ ವಿಮರ್ಶಕರ ಪದ್ಧತಿಯೇ ಬದಲಾಯಿತು. ಇಂದು ರಿವಾಟ್ಯೂನರ್, ಇಂಟೆಲ್‌ನ ಪ್ರೆಸೆಂಟ್‌ಮಾನ್‌ನಂಥ ಉಚಿತ ಸಾಧನಗಳು ಆಟದ ಮೇಲೆಯೇ ಫ್ರೇಮ್‌ಟೈಮ್ ಗೆರೆಯನ್ನು ಬಿಡಿಸುತ್ತವೆ. ಗೆರೆ ಸಪಾಟಾಗಿದ್ದೂ ಕಣ್ಣಿಗೆ ಕುಂಟು ಕಂಡರೆ ದೋಷ ಪ್ರದರ್ಶನದ ಕಡೆಗಿದೆ. ಗೆರೆಯಲ್ಲಿ ಮುಳ್ಳುಗಳು ಎದ್ದರೆ ದೋಷ ಕಂಪ್ಯೂಟರ್ ಅಥವಾ ಆಟದ ಒಳಗಿದೆ. ಮಾನಿಟರ್ ಬದಲಿಸಿ ಪ್ರಯೋಜನವಿಲ್ಲ.

ಪ್ರದರ್ಶನದ ಕಡೆಯ ದೋಷಗಳು

ಮೊದಲು ನೋಡಬೇಕಾದ್ದು ಸರಳ ಸಂಗತಿಗಳನ್ನು. ಹೊಸ ಮಾನಿಟರ್ ಜೋಡಿಸಿದಾಗ ವಿಂಡೋಸ್ ಅದನ್ನು 60 ಹರ್ಟ್ಸ್‌ನಲ್ಲೇ ಓಡಿಸುತ್ತಿರುವುದುಂಟು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ನಿಜವಾದ ಅಂಕಿಯನ್ನು ಖಚಿತಪಡಿಸಿಕೊಳ್ಳಬೇಕು. ಕೇಬಲ್ ಗ್ರಾಫಿಕ್ಸ್ ಕಾರ್ಡ್‌ನ ಪೋರ್ಟ್‌ಗೇ ಹೋಗಿರಬೇಕು, ಮದರ್‌ಬೋರ್ಡ್‌ನದಕ್ಕಲ್ಲ. ಹಳೆಯ ಎಚ್‌ಡಿಎಂಐ 1.4ರ ಸಾಮರ್ಥ್ಯ ಸೆಕೆಂಡಿಗೆ 10.2 ಗಿಗಾಬಿಟ್, ಅದರಲ್ಲಿ 2560×1440 ಪರದೆಯ 144 ಹರ್ಟ್ಸ್ ಹಿಡಿಸದು. ಎಚ್‌ಡಿಎಂಐ 2.0ಕ್ಕೆ 18, ಡಿಸ್‌ಪ್ಲೇಪೋರ್ಟ್ 1.4ಕ್ಕೆ 32.4, ಎಚ್‌ಡಿಎಂಐ 2.1ಕ್ಕೆ 48 ಗಿಗಾಬಿಟ್ ಸಾಮರ್ಥ್ಯವಿದೆ. ಮಾಡ್ಯೂಲ್ ಇಲ್ಲದ ಮಾನಿಟರ್ ಅನ್ನು ಎನ್‌ವಿಡಿಯಾ ಕಾರ್ಡ್ ಜೊತೆ ವಿಆರ್‌ಆರ್‌ನಲ್ಲಿ ಓಡಿಸಲು ಡಿಸ್‌ಪ್ಲೇಪೋರ್ಟ್ ಅಥವಾ ಎಚ್‌ಡಿಎಂಐ 2.1 ಬೇಕು. ಪರದೆ ಆಗಾಗ ಒಂದೆರಡು ಸೆಕೆಂಡ್ ಕಪ್ಪಾದರೆ ಕೇಬಲ್ ಮೇಲೆ ಮೊದಲ ಅನುಮಾನ ಹೋಗಬೇಕು. ಲ್ಯಾಪ್‌ಟಾಪ್‌ಗಳಲ್ಲಿ ಕೆಲವು ಪೋರ್ಟ್‌ಗಳು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಜೋಡಣೆಯಾಗಿರುತ್ತವೆ, ಅಲ್ಲಿ ಜಿ-ಸಿಂಕ್ ಸಿಗದಿರಬಹುದು.

ಎರಡು ಮಾನಿಟರ್ ಇಟ್ಟುಕೊಂಡು ಒಂದನ್ನು 144ರಲ್ಲಿ, ಇನ್ನೊಂದನ್ನು 60ರಲ್ಲಿ ಓಡಿಸುವವರಿಗೆ ಹಳೆಯ ವಿಂಡೋಸ್ 10 ಆವೃತ್ತಿಗಳಲ್ಲಿ ತಡವರಿಕೆ ಕಾಣುತ್ತಿತ್ತು. 2020ರ ಮೇ ತಿಂಗಳ ಆವೃತ್ತಿಯಿಂದ ಪರಿಸ್ಥಿತಿ ಸುಧಾರಿಸಿತು. ಆದರೂ ಪತ್ತೆಯ ವೇಳೆ ಎರಡನೆಯ ಪರದೆಯನ್ನು ಕಳಚಿ ನೋಡುವುದು ಒಳ್ಳೆಯದು.

ವಿಆರ್‌ಆರ್ ಮಾನಿಟರ್ ಇದ್ದೂ ಸೀಳು ಕಾಣುವವರಿಗೆ ಬಹುಮಟ್ಟಿಗೆ ಒಂದೇ ಕಾರಣ: ಫ್ರೇಮ್ ರೇಟ್ ಮೇಲಿನ ಮಿತಿ ದಾಟಿರುತ್ತದೆ. ದಾಟಿದ ಕೂಡಲೇ ವಿಆರ್‌ಆರ್ ಕೈಬಿಡುತ್ತದೆ. ವಿ-ಸಿಂಕ್ ಆಫ್ ಮಾಡಿದ್ದರೆ ಸೀಳು, ಹಚ್ಚಿದ್ದರೆ ವಿಳಂಬ. ಪರಿಹಾರ ಮೂರು ಭಾಗದ್ದು. ಮಾನಿಟರ್‌ನ ಮೆನುವಿನಲ್ಲೂ ಡ್ರೈವರ್‌ನಲ್ಲೂ ವಿಆರ್‌ಆರ್ ಹಚ್ಚಬೇಕು. ಡ್ರೈವರ್‌ನಲ್ಲಿ ವಿ-ಸಿಂಕ್ ಹಚ್ಚಿ ಆಟದೊಳಗಿನ ವಿ-ಸಿಂಕ್ ಆಫ್ ಮಾಡಬೇಕು. ಫ್ರೇಮ್ ರೇಟ್‌ಗೆ ರಿಫ್ರೆಶ್ ರೇಟ್‌ಗಿಂತ ಸ್ವಲ್ಪ ಕೆಳಗೆ ಕಡಿವಾಣ ಹಾಕಬೇಕು. ಇಲ್ಲಿ ವಿ-ಸಿಂಕ್ ಏಕೆ ಎಂದು ಕೇಳುವವರುಂಟು. ಕಡಿವಾಣ ಇದ್ದರೂ ಬಿಡಿ ಫ್ರೇಮ್‌ಗಳು ಗಡುವಿಗಿಂತ ಮುಂಚೆ ಬಂದುಬಿಡುತ್ತವೆ. ಆಗ ಪರದೆಯ ಕೆಳಗಿನ ಅಂಚಿನಲ್ಲಿ ಸೀಳು ಇಣುಕುತ್ತದೆ. ಅದನ್ನು ಹಿಡಿಯುವುದು ವಿ-ಸಿಂಕ್.

ಕಡಿವಾಣ ಎಷ್ಟು ಕೆಳಗಿರಬೇಕು? ಮೂರು ಫ್ರೇಮ್ ಕಡಿಮೆ, ಅಂದರೆ 144ಕ್ಕೆ 141 ಎಂಬ ಸೂತ್ರ ಬಳಕೆಯಲ್ಲಿದೆ. ಆದರೆ ಮೂರು ಫ್ರೇಮ್ ಎಂಬುದು ಎಲ್ಲೆಡೆ ಒಂದೇ ಅಂತರವಲ್ಲ. 144ರಲ್ಲಿ ಅದು 0.15 ಮಿಲಿಸೆಕೆಂಡ್ ಬಿಡುವು ಕೊಟ್ಟರೆ, 240ರಲ್ಲಿ 0.05 ಮಾತ್ರ. ಎನ್‌ವಿಡಿಯಾದ ವಿಳಂಬ ತಗ್ಗಿಸುವ ರಿಫ್ಲೆಕ್ಸ್ ಸೌಲಭ್ಯ ಇರುವ ಆಟಗಳು ಜಿ-ಸಿಂಕ್, ವಿ-ಸಿಂಕ್ ಜೊತೆಗೆ ಓಡುವಾಗ ತಾವೇ 144ರಲ್ಲಿ ಸುಮಾರು 138ಕ್ಕೆ, 240ರಲ್ಲಿ ಸುಮಾರು 224ಕ್ಕೆ ಕಡಿವಾಣ ಹಾಕಿಕೊಳ್ಳುತ್ತವೆ. ಎರಡರಲ್ಲೂ ಬಿಡುವು ಸುಮಾರು 0.3 ಮಿಲಿಸೆಕೆಂಡ್. ಕೈಯಾರೆ ಕಡಿವಾಣ ಹಾಕುವವರೂ ಈ ಅಂಕಿಗಳನ್ನೇ ಹಿಡಿಯುವುದು ಸುರಕ್ಷಿತ. ಆಟದೊಳಗಿನ ಕಡಿವಾಣದಲ್ಲಿ ವಿಳಂಬ ಕಡಿಮೆ. ರಿವಾಟ್ಯೂನರ್‌ನದರಲ್ಲಿ ಫ್ರೇಮ್‌ಗಳ ನಡೆ ಹೆಚ್ಚು ಸಮ.

ವಿಆರ್‌ಆರ್‌ಗೂ ಒಂದು ಅಡ್ಡಪರಿಣಾಮವಿದೆ. ವಿಎ ಬಗೆಯ ಎಲ್‌ಸಿಡಿ ಮತ್ತು ಒಎಲ್‌ಇಡಿ ಪರದೆಗಳಲ್ಲಿ ರಿಫ್ರೆಶ್ ರೇಟ್ ದಿಢೀರನೆ ಏರಿಳಿದಾಗ ಕಪ್ಪು ದೃಶ್ಯಗಳು, ಲೋಡಿಂಗ್ ಪರದೆಗಳು ಮಿನುಗುತ್ತವೆ. ಸುತ್ತಿನ ಅವಧಿ ಬದಲಾದಂತೆ ಪಿಕ್ಸೆಲ್‌ನ ಹೊಳಪು ತುಸು ಬದಲಾಗುವುದು ಇದಕ್ಕೆ ಕಾರಣ. ಇದನ್ನು ತಡವರಿಕೆ ಎಂದು ತಪ್ಪು ತಿಳಿಯಬಾರದು. ಫ್ರೇಮ್ ರೇಟ್ ಅನ್ನು ಸ್ಥಿರವಾಗಿಟ್ಟರೆ ಮಿನುಗೂ ತಗ್ಗುತ್ತದೆ.

ಮಾನಿಟರ್‌ಗೆ ಸಂಬಂಧವಿಲ್ಲದ ತಡವರಿಕೆ

ಫ್ರೇಮ್‌ಟೈಮ್ ಗೆರೆಯಲ್ಲಿ ಮುಳ್ಳು ಕಂಡಾಗ ಅದು ಯಾವಾಗ ಏಳುತ್ತದೆ ಎಂಬುದೇ ಕಾರಣದ ಸುಳಿವು. ಒಂದು ಜಾಗಕ್ಕೆ ಮೊದಲ ಬಾರಿ ಹೋದಾಗ ತಡವರಿಸಿ, ಎರಡನೆಯ ಬಾರಿ ನಯವಾಗಿದ್ದರೆ ಅದು ಶೇಡರ್ ಕಂಪೈಲೇಷನ್. ಬೆಳಕು, ನೆರಳು, ಮೇಲ್ಮೈಗಳನ್ನು ಲೆಕ್ಕ ಹಾಕುವ ಶೇಡರ್ ಎಂಬ ಸಣ್ಣ ಪ್ರೋಗ್ರಾಂಗಳನ್ನು ಆಯಾ ಗ್ರಾಫಿಕ್ಸ್ ಕಾರ್ಡ್‌ಗೆ ಅರ್ಥವಾಗುವ ರೂಪಕ್ಕೆ ತರಬೇಕು. ಆಟಕ್ಕೂ ಗ್ರಾಫಿಕ್ಸ್ ಕಾರ್ಡ್‌ಗೂ ಸೇತುವೆಯಾದ ಡೈರೆಕ್ಟ್‌ಎಕ್ಸ್ 12 ಮತ್ತು ವಲ್ಕನ್‌ನಲ್ಲಿ ಇದನ್ನು ಯಾವಾಗ ಮಾಡಬೇಕೆಂಬ ಹೊಣೆ ಬಹುಮಟ್ಟಿಗೆ ಆಟ ತಯಾರಿಸುವವರದು. ಅವರು ಮುಂಚಿತವಾಗಿ ಮಾಡಿಡದಿದ್ದರೆ ಆಟದ ನಡುವೆಯೇ ಆ ಕೆಲಸ ನಡೆದು ಚಿತ್ರ ನಿಲ್ಲುತ್ತದೆ. 2022ರ ಡಿಸೆಂಬರ್‌ನಲ್ಲಿ ಬಂದ ದಿ ಕ್ಯಾಲಿಸ್ಟೊ ಪ್ರೊಟೊಕಾಲ್ ಆಟ ಪಿಸಿಯಲ್ಲಿ ಇದೇ ಕಾರಣಕ್ಕೆ ಕಟು ಟೀಕೆಗೆ ಒಳಗಾಗಿ, ತಯಾರಕರು ಕೂಡಲೇ ತಿದ್ದುಪಡಿ ಬಿಡುಗಡೆ ಮಾಡಬೇಕಾಯಿತು. ಸ್ಟೀಮ್ ಡೆಕ್‌ನಲ್ಲಿ ಎಲ್ಲರದೂ ಒಂದೇ ಬಗೆಯ ಹಾರ್ಡ್‌ವೇರ್ ಆದ್ದರಿಂದ ವಾಲ್ವ್ ಸಂಸ್ಥೆ ಶೇಡರ್‌ಗಳನ್ನು ಮೊದಲೇ ಸಿದ್ಧಪಡಿಸಿ ಕಳಿಸಬಲ್ಲದು. ಪಿಸಿ ಬಳಕೆದಾರ ಮಾಡಬಹುದಾದ್ದು ಇಷ್ಟೇ: ಆಟ ಆರಂಭದಲ್ಲಿ ಶೇಡರ್ ಸಿದ್ಧಪಡಿಸುವಾಗ ಅದನ್ನು ಮುಗಿಯಗೊಡುವುದು, ಡ್ರೈವರ್ ಬದಲಿಸಿದ ಮೇಲೆ ಮೊದಲ ಆಟದಲ್ಲಿ ತಡವರಿಕೆ ಮರಳಬಹುದೆಂದು ತಿಳಿದಿರುವುದು, ವಿನಾಕಾರಣ ಶೇಡರ್ ಕ್ಯಾಶೆ ಅಳಿಸದಿರುವುದು.

ಒಂದೇ ಜಾಗದಲ್ಲಿ ಪ್ರತಿ ಸಲವೂ ಎಡವಿದರೆ ಅದು ಹೊಸ ಪ್ರದೇಶದ ದತ್ತಾಂಶ ಒಳಗೆ ಬರುವಾಗಿನ ತಡೆ. ಆಟವನ್ನು ಹಾರ್ಡ್‌ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ಸಾಗಿಸಿದರೆ ಕಡಿಮೆಯಾಗಬಹುದು. ಆಟದ ಎಂಜಿನ್‌ನದೇ ದೋಷವಾದರೆ ಬಳಕೆದಾರನ ಕೈಯಲ್ಲಿ ಹೆಚ್ಚೇನೂ ಇಲ್ಲ. ಆಡುತ್ತಾ ಆಡುತ್ತಾ ತಡವರಿಕೆ ಹೆಚ್ಚಿದರೆ ಗ್ರಾಫಿಕ್ಸ್ ಮೆಮೊರಿ ತುಂಬಿರುತ್ತದೆ ಅಥವಾ ಬಿಸಿ ಏರಿರುತ್ತದೆ. ಟೆಕ್ಸ್‌ಚರ್ ಗುಣಮಟ್ಟ ಒಂದು ಹಂತ ಇಳಿಸಿದಾಗ ಸರಿಹೋದರೆ ಮೊದಲನೆಯದು. ಬಿಸಿಯಾದರೆ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕಲಬುರಗಿ, ರಾಯಚೂರುಗಳ ಬೇಸಗೆಯಂತೆ ಹೊರಗಿನ ಉಷ್ಣತೆ 40 ಡಿಗ್ರಿ ದಾಟುವ ಕಡೆ, ಧೂಳು ಕಟ್ಟಿದ ಫ್ಯಾನ್‌ನ ಲ್ಯಾಪ್‌ಟಾಪ್‌ನಲ್ಲಿ ಇದು ಮೊದಲು ನೋಡಬೇಕಾದ ಕಾರಣ.

ಗೊತ್ತುಗುರಿಯಿಲ್ಲದೆ, ಆಟದಲ್ಲಿ ಏನೂ ನಡೆಯದಿದ್ದಾಗಲೂ ಎಡವಿದರೆ ಹಿನ್ನೆಲೆಯ ಕೆಲಸಗಳನ್ನು ಅನುಮಾನಿಸಬೇಕು: ರೆಕಾರ್ಡಿಂಗ್, ಓವರ್‌ಲೇ, ಆಂಟಿವೈರಸ್, ಆರ್‌ಜಿಬಿ ದೀಪಗಳ ಸಾಫ್ಟ್‌ವೇರ್. ಕೆಲವೊಮ್ಮೆ ಕಾರಣ ಇನ್ನೂ ಆಳದಲ್ಲಿರುತ್ತದೆ. ಎಎಂಡಿಯ ರೈಜೆನ್ ಪ್ರೊಸೆಸರ್ ಇರುವ ಕೆಲವು ಕಂಪ್ಯೂಟರ್‌ಗಳಲ್ಲಿ ಭದ್ರತೆಯ ಎಫ್‌ಟಿಪಿಎಂ ವ್ಯವಸ್ಥೆ ಮದರ್‌ಬೋರ್ಡ್‌ನ ಫ್ಲ್ಯಾಶ್ ಮೆಮೊರಿಯೊಂದಿಗೆ ವ್ಯವಹರಿಸುವಾಗ ಇಡೀ ಯಂತ್ರ ಕ್ಷಣಕಾಲ ತಡವರಿಸುತ್ತಿತ್ತು. 2022ರ ಮಾರ್ಚ್‌ನಲ್ಲಿ ಎಎಂಡಿ ಇದನ್ನು ಒಪ್ಪಿಕೊಂಡಿತು, ಆಮೇಲೆ ಬಯಾಸ್ ಮೂಲಕ ಸರಿಪಡಿಸಿತು. ಮೆಮೊರಿ ಒಂದೇ ಚಾನೆಲ್‌ನಲ್ಲಿ ಓಡುವುದು, ಅದನ್ನು ಪೂರ್ಣ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಹಚ್ಚದಿರುವುದು, ಹಳೆಯ ಪ್ರೊಸೆಸರ್‌ಗೆ 8000 ಹರ್ಟ್ಸ್ ಪೋಲಿಂಗ್‌ನ, ಅಂದರೆ ಸೆಕೆಂಡಿಗೆ 8000 ಬಾರಿ ವರದಿ ಕಳಿಸುವ ಮೌಸ್ ಜೋಡಿಸುವುದು ಕೂಡ ಪ್ರೊಸೆಸರ್ ಕಡೆಯ ಕಾರಣಗಳು. ಗ್ರಾಫಿಕ್ಸ್ ಕಾರ್ಡ್‌ನ ಬಳಕೆ ಶೇ. 60–70ರಲ್ಲೇ ನಿಂತು ಫ್ರೇಮ್‌ಟೈಮ್ ಏರುತ್ತಿದ್ದರೆ, ಕಡಿವಾಣವೂ ಇಲ್ಲದಿದ್ದರೆ, ತಡೆ ಪ್ರೊಸೆಸರ್‌ನಲ್ಲಿದೆ.

ಪರಿಹಾರದ ಕ್ರಮ

ಒಂದು ಬಾರಿಗೆ ಒಂದೇ ಸೆಟ್ಟಿಂಗ್ ಬದಲಿಸಿ, ಒಂದೇ ದೃಶ್ಯವನ್ನು ಮತ್ತೆ ಆಡಿ, ಗೆರೆ ನೋಡುವುದು ಈ ಕೆಲಸದ ಶಿಸ್ತು. ರಿಫ್ರೆಶ್ ರೇಟ್, ಪೋರ್ಟ್, ಕೇಬಲ್ ಮೊದಲು. ವಿಆರ್‌ಆರ್, ವಿ-ಸಿಂಕ್, ಕಡಿವಾಣ ಆಮೇಲೆ. ಮೆಮೊರಿ, ಬಿಸಿ, ಹಿನ್ನೆಲೆ ಪ್ರೋಗ್ರಾಂಗಳು ಅದರ ನಂತರ. ಡ್ರೈವರ್ ಮತ್ತು ಬಯಾಸ್ ಕೊನೆಗೆ. ಅಂತರ್ಜಾಲದಲ್ಲಿ ಸಿಗುವ ರಿಜಿಸ್ಟ್ರಿ ತಿದ್ದುಪಡಿಗಳನ್ನು ಕಟ್ಟುಗಟ್ಟಲೆ ಒಮ್ಮೆಲೇ ಹಾಕಿದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಎಂಬುದೇ ತಿಳಿಯದು.

ಹರ್ಟ್ಸ್‌ನ ಅಂಕಿ 2020ರಲ್ಲಿ 360ಕ್ಕೆ, 2023ರಲ್ಲಿ 540ಕ್ಕೆ ಏರಿತು, ಏರಿಕೆ ನಿಂತಿಲ್ಲ. ಆದರೆ ಆಡುವವರ ಕಣ್ಣಿಗೆ ಬೇಕಾದ್ದು ಸಮನಾದ ನಡೆ. 60ಕ್ಕೂ 160ಕ್ಕೂ ನಡುವೆ ಹಾರಾಡುವ ಫ್ರೇಮ್ ರೇಟ್‌ಗಿಂತ 90ಕ್ಕೆ ಕಡಿವಾಣ ಹಾಕಿ ಸ್ಥಿರವಾಗಿಟ್ಟದ್ದು ಮೇಲು. ಹೊಸ ಮಾನಿಟರ್‌ಗೋ ಕಾರ್ಡ್‌ಗೋ ಹಣ ಹಾಕುವ ಮುನ್ನ, ಕೈಯಲ್ಲಿರುವ ಯಂತ್ರದ ಫ್ರೇಮ್‌ಟೈಮ್ ಗೆರೆಯನ್ನು ಒಮ್ಮೆ ತಾಳ್ಮೆಯಿಂದ ಗಮನಿಸಿ.